ಬೊಂಬೆಯಂಗಡಿಯ ಕೆಳಗಣ ಹಲಗೆ

ಅಟ್ಟದ ಮೇಲಿನ ಪೆಟ್ಟಿಗೆಯನ್ನು ಕೆಳಕ್ಕಿಳಿಸುವ ಕಾಲ ಮರಳಿ ಬಂದಿದೆ. ಮಹಾಲಯ ಅಮಾವಾಸ್ಯೆ ಕಳೆದ ಮರುದಿನ ನಮ್ಮ ಸೀಮೆಯ ಮನೆಗಳಲ್ಲಿ ಮೆಟ್ಟಿಲು ಕಟ್ಟುವರು. ನೆತ್ತಿಯ ಮೆಟ್ಟಿಲಿನಲ್ಲಿ ಕಲಶ, ಅದರ ಇಕ್ಕೆಲದಲ್ಲಿ ರಕ್ತಚಂದನದ ಪಟ್ಟದ ಬೊಂಬೆಗಳು, ಅವುಗಳ ಕೆಳಗೆ ದೇವರುಗಳು, ದೇವರುಗಳ ಕೆಳಗೆ ರಾಜರು, ಎಲ್ಲರಿಗಿಂತ ಕೆಳಗೆ ಹಾವಾಡಿಗ, ಹೂವಾಡಿಗಿತ್ತಿ, ಪೋಲೀಸಿನವನು ಮತ್ತು ಶೆಟ್ಟಿ ಶೆಟ್ಟಮ್ಮನವರ ಅಂಗಡಿ. ಪಟ್ಟದ ಬೊಂಬೆಗಳು ಮದುವೆಯಾದ ಮಗಳೊಡನೆ ತವರಿನಿಂದ ಬರತಕ್ಕವು. ಉಳಿದವುಗಳನ್ನು ಗೃಹಸ್ಥನು ಕೊಂಡು ಕೂಡಿಸಬೇಕು. ವರ್ಷಕ್ಕೆ ಒಂದಾದರೂ ಹೊಸ ಬೊಂಬೆ ಮನೆಗೆ ಬರಬೇಕೆಂದು ಹೆಂಗಸರ ನಿಯಮ. ಇದಕ್ಕೆ ಪ್ರಮಾಣವೆಲ್ಲಿದೆಯೆಂದು ನಾವು ಹರೆಯದಲ್ಲಿ ಒಮ್ಮೆ ಕೇಳಿ, ಅತ್ತೆಯವರಿಂದ ತಕ್ಕ ಉತ್ತರವನ್ನು ಪಡೆದಿರುವೆವಾದ್ದರಿಂದ ಮತ್ತೆ ಕೇಳಿಲ್ಲ.

ಹೋದ ವರ್ಷ ಪೆಟ್ಟಿಗೆಯನ್ನು ಇಳಿಸಿದ ದಿನ ನಮ್ಮ ಮನೆಯವರು, “ಈ ವರ್ಷದ ಹೊಸ ಬೊಂಬೆಗೆ ಎಲ್ಲಿಗೆ ಹೋಗುತ್ತೀರಿ?” ಎಂದು ಕೇಳಿದರು. ದಸರೆಯ ರಜೆಗೆಂದು ಬಂದಿದ್ದ ಆರು ವರ್ಷದ ಮೊಮ್ಮಗಳು, “ಎಲ್ಲಿಗೂ ಹೋಗೋದು ಬೇಡ ತಾತ, ಫೋನಿನಲ್ಲೇ ಬರುತ್ತೆ” ಎಂದಳು. ಮಾತು ಅಷ್ಟಕ್ಕೇ ಮುಗಿಯಬೇಕಾಗಿತ್ತು. ಆದರೆ ಸಂಜೆ ತರಕಾರಿಗೆಂದು ಪೇಟೆಯ ಬೀದಿಗೆ ಹೋದ ನಮ್ಮ ಕಾಲು ಅಭ್ಯಾಸಬಲದಿಂದ ಒಂದು ಬಾಗಿಲ ಮುಂದೆ ನಿಂತಿತು. ಅಲ್ಲಿ ಈಗ ಮೊಬೈಲ್ ಫೋನುಗಳನ್ನು ರಿಪೇರಿ ಮಾಡುವರು. ೨೦೨೧ರ ದಸರೆಯವರೆಗೆ ಅದು ಬೊಂಬೆಯಂಗಡಿಯಾಗಿತ್ತು.

ಒಂದು ಅಂಗಡಿ ಮುಚ್ಚಿದ್ದನ್ನು ದೊಡ್ಡದುಮಾಡಿ ಹೇಳುವುದು ಕೋಲಾರ ಜಿಲ್ಲೆಯವರಿಗೆ ಒಪ್ಪುವ ಮಾತಲ್ಲ. ನಮ್ಮ ಜಿಲ್ಲೆಯಲ್ಲಿ ಚಿನ್ನದ ಗಣಿಯೇ ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿಹೋಯಿತು. ಮಾಲೂರಿನ ಹೆಂಚು ಒಂದು ಕಾಲದಲ್ಲಿ ದೂರದೂರದ ಮನೆಗಳ ಮಾಡನ್ನೇರಿತ್ತು. ಕಾಂಕ್ರೀಟಿನ ತಾರಸಿ ಬಂದಮೇಲೆ ಹಲವು ಕಾರ್ಖಾನೆಗಳ ಹೊಗೆಗೊಳವೆಗಳು ತಣ್ಣಗಾದವು. ಇವುಗಳ ನಡುವೆ ಹತ್ತಡಿ ಅಗಲದ ಬೊಂಬೆಯಂಗಡಿ ಯಾವ ಲೆಕ್ಕ? ಆದರೂ ಹೇಳುವೆವು. ಗಣಿಯನ್ನು ಮುಚ್ಚಿದವರಲ್ಲಿ ನಾವಿರಲಿಲ್ಲ. ಈ ಅಂಗಡಿಯನ್ನು ಮುಚ್ಚಿದವರಲ್ಲಿ ಇದ್ದೆವು.

ಅದು ವರ್ಷವೆಲ್ಲ ಬಳೆ, ರಿಬ್ಬನ್ನು, ಬಳಪ, ಬಾಚಣಿಗೆಗಳನ್ನು ಮಾರುತ್ತಿದ್ದ ಅಂಗಡಿ. ಮಹಾನವಮಿ ಹತ್ತಿರವಾಯಿತೆಂದರೆ ಬಳೆಗಳೆಲ್ಲ ಒಳಕ್ಕೆ ಸರಿದು ಬೊಂಬೆಗಳು ಹೊರಕ್ಕೆ ಬರುತ್ತಿದ್ದವು. ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿ, ಗಿಲಕಿ, ಕುದುರೆ, ಮರದ ಅಡಿಗೆಯ ಸಾಮಾನು. ತಂಜಾವೂರಿನ ತಲೆಯಾಡಿಸುವ ಬೊಂಬೆ. ಪಣ್ರುಟ್ಟಿಯ ಬಣ್ಣಬಣ್ಣದ ದೇವರುಗಳು. ಕೊಂಡಪಲ್ಲಿಯ ಎತ್ತಿನ ಬಂಡಿ. ನಮ್ಮೂರ ಕೆರೆಯ ಮಣ್ಣಿನಿಂದಲೇ ಮಾಡಿದ ಬೆರಳೆತ್ತರದ ಒಲೆ, ಮಡಕೆ, ಕುಡಿಕೆ. ಊರಿನಲ್ಲಿ ಮೂರು ಭಾಷೆಯ ಮನೆಗಳಿದ್ದವಷ್ಟೆ. ನಾವು ಬೊಂಬೆ ಕೂರಿಸುವುದೆನ್ನುವುದನ್ನು ತೆಲುಗರು ಬೊಮ್ಮಲ ಕೊಲುವು ಎನ್ನುವರು, ಹೊಸೂರಿನ ಕಡೆಯವರು ಕೊಲು ಎನ್ನುವರು. ಕೊಲುವೆಂದರೆ ರಾಜನ ಓಲಗ. ತೆಲುಗರಲ್ಲಿ ಸಂಕ್ರಾಂತಿಗೂ ಬೊಂಬೆ ಕೂರಿಸುವವರಿದ್ದುದರಿಂದ ಅಂಗಡಿಯವರಿಗೆ ವರ್ಷಕ್ಕೆ ಎರಡು ಸುಗ್ಗಿ. ಅವರ ನಿಜವಾದ ಹೆಸರು ಮಕ್ಕಳಿಗೆ ತಿಳಿದಿರಲಿಲ್ಲ. ಎಲ್ಲರ ಬಾಯಲ್ಲಿಯೂ ಅವರು ಬೊಂಬೆ ಶೆಟ್ಟರು. ಮೆಟ್ಟಿಲಿನ ಮೇಲೆ ಹೊಟ್ಟೆಬಿಟ್ಟುಕೊಂಡು ಕುಳಿತುಕೊಳ್ಳುವ ಶೆಟ್ಟಿಯ ಬೊಂಬೆಯನ್ನು ಇವರನ್ನು ನೋಡಿಯೇ ಮಾಡಿದರೆಂದು ನಾವು ಬಹುಕಾಲ ನಂಬಿದ್ದೆವು. ಇವರಾದರೋ ಕಡ್ಡಿಯಂತೆ ಇದ್ದರು.

ಅಂಗಡಿಯಲ್ಲಿ ಮೂರು ಹಲಗೆಗಳು. ಎಲ್ಲಕ್ಕಿಂತ ಕೆಳಗಿನ ಹಲಗೆ ಏಳೆಂಟು ವರ್ಷದ ಹುಡುಗನ ಕಣ್ಣಿಗೆ ಸರಿಯಾಗಿತ್ತು. ಅದರ ಮೇಲೆ ಐದು ಪೈಸೆಯಿಂದ ನಾಲ್ಕಾಣೆಯವರೆಗಿನ ಸಾಮಾನು. ಎರಡನೆಯದರಲ್ಲಿ ಅದಕ್ಕಿಂತ ಹೆಚ್ಚಿನ ಬೆಲೆಯವು. ಮೂರನೆಯದು ತೊಲೆಯ ಹತ್ತಿರ. ಅಲ್ಲಿ ವೃತ್ತಪತ್ರಿಕೆಯಲ್ಲಿ ಸುತ್ತಿಟ್ಟ ಗಂಟುಗಳು ಮಾತ್ರ ಕಾಣುತ್ತಿದ್ದವು. ಒಳಗೇನಿದೆಯೆಂಬುದು ಶೆಟ್ಟರಿಗೂ ಕೊಳ್ಳುವವರಿಗೂ ಗೊತ್ತು. ಹುಡುಗರಿಗೆ ಕೆಳಗಿನ ಹಲಗೆಯೇ ಪ್ರಪಂಚ. ಅದರಲ್ಲಿ ಏನನ್ನು ತೋರಿಸಿದರೂ ತಂದೆಯಾದವನು “ಆಗಲಿ” ಎನ್ನುತ್ತಿದ್ದನು. ನಮ್ಮ ತಂದೆಯವರು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಮನೆಯಲ್ಲಿ ಅವರಿಂದ ನಾವು ಕೇಳಿದ ಮಾತುಗಳಲ್ಲಿ “ಬೇಡ” ಎಂಬುದೇ ಹೆಚ್ಚು. ವರ್ಷಕ್ಕೊಮ್ಮೆ ಆ ಅಂಗಡಿಯಲ್ಲಿ ಅವರು ಮತ್ತೊಬ್ಬರಾಗುತ್ತಿದ್ದರು. “ಇನ್ನೊಂದು ತೆಗೆದುಕೋ” ಎಂದುದೂ ಉಂಟು.

೧೯೭೩ರ ದಸರೆ ನಮಗೆ ಚೆನ್ನಾಗಿ ನೆನಪಿದೆ. ಆಗ ನಮಗೆ ಎಂಟು ವರ್ಷ. ಬೆಂಗಳೂರಿನಿಂದ ಜೋಲಾರಪೇಟೆಗೆ ಹೋಗುವ ರೈಲುದಾರಿ ೧೮೬೪ರಿಂದ ನಮ್ಮ ಊರಿನ ಪಕ್ಕದಲ್ಲೇ ಹಾದುಹೋಗುತ್ತಿರುವುದರಿಂದ ಮಾಲೂರಿನ ಹುಡುಗರಿಗೆ ರೈಲಿನ ಹುಚ್ಚು ತಾತಂದಿರ ಕಾಲದಿಂದ ಬಂದದ್ದು. ಅಮಾವಾಸ್ಯೆಯ ಹಿಂದಿನ ದಿನ ಶಾಲೆಯಿಂದ ಮರಳುವಾಗ ಅಂಗಡಿಯೊಳಗೆ ಇಣುಕಿದೆವು. ಹಸಿರು ತಗಡಿನ ಒಂದು ರೈಲು, ಮೂರು ಡಬ್ಬಿ. ಕೀಲಿಕೊಟ್ಟು ಬಿಟ್ಟರೆ ಗುಂಡಗಿನ ಕಂಬಿಯ ಮೇಲೆ ಸುತ್ತುವುದು. ಶೆಟ್ಟರು ಅದನ್ನು ಯಾರೋ ಕಂಟ್ರಾಕ್ಟರರಿಗೆ ತೋರಿಸುತ್ತಿದ್ದರು. ಅವರು ಕೊಳ್ಳದೆ ಹೊರಟುಹೋದರು. ಆ ರಾತ್ರಿ ನಾವು ನಿದ್ದೆಮಾಡಲಿಲ್ಲ. ಮರುದಿನ ತಂದೆಯವರ ಕೈಹಿಡಿದುಕೊಂಡು ಅಂಗಡಿಗೆ ಹೋದರೆ ರೈಲು ಇಲ್ಲ. ಮೂರು ಹಲಗೆಯನ್ನೂ ಹುಡುಕಿ, “ಶೆಟ್ಟರೆ, ನೆನ್ನೆಯ ರೈಲು ಎಲ್ಲಿ?” ಎಂದು ಕೇಳಿದೆವು. ಶೆಟ್ಟರು ಕಣ್ಣನ್ನೂ ಮಿಟುಕಿಸದೆ, “ಅದಾ? ರಿಪೇರಿಗೆ ಬಂದದ್ದು ಮಗು, ಮಾರೋದಲ್ಲ” ಎಂದರು. ನಾವು ಒಂದು ಗಳಿಗೆ ಸಪ್ಪಗಾಗಿ, ಬಳಿಕ ಕೆಂಪು ಪಟ್ಟಿಯ ಬುಗುರಿಯೊಂದನ್ನು ಆರಿಸಿಕೊಂಡೆವು. ತಂದೆಯವರು ಹದಿನೈದು ಪೈಸೆ ಕೊಟ್ಟರು. ಬುಗುರಿ ಬಹಳ ಚೆನ್ನಾಗಿ ಆಡಿತು.

ಇದರ ಒಳಗುಟ್ಟು ನಮಗೆ ತಿಳಿದದ್ದು ಹದಿನೇಳು ವರ್ಷಗಳ ಮೇಲೆ. ಅಷ್ಟರಲ್ಲಿ ತಂದೆಯವರು ತೀರಿಕೊಂಡಿದ್ದರು. ನಾವು ಊರಿನ ಶಾಲೆಯಲ್ಲಿ ಸಂಸ್ಕೃತದ ಮೇಷ್ಟರಾಗಿದ್ದೆವು. ಶೆಟ್ಟರು ಅಂಗಡಿಗೆ ಹೊಸ ಬೋರ್ಡು ಬರೆಯಿಸಬೇಕೆಂದಿದ್ದರು. “ಬೊಂಬೆಗೆ ಸಂಸ್ಕೃತದಲ್ಲಿ ಏನಂತಾರೆ ಮೇಷ್ಟ್ರೆ, ಒಳ್ಳೆ ಹೆಸರು ಕೊಡಿ” ಎಂದರು. ಬಟ್ಟೆ ದಂತ ಮೊದಲಾದವುಗಳಿಂದ ಮಾಡಿದ ಬೊಂಬೆಗೆ ಪಾಂಚಾಲಿಕಾ ಎಂದೂ ಪುತ್ರಿಕಾ ಎಂದೂ ಅಮರಕೋಶದಲ್ಲಿ ಹೇಳಿದೆಯೆಂದೆವು. ಪುತ್ರಿಕೆಯೆಂದರೆ ಮಗಳೆಂದೂ ಅರ್ಥವೆಂದು ವಿದ್ಯೆಯನ್ನು ಮೆರೆದೆವು. ಶೆಟ್ಟರು ಯೋಚಿಸಿ, “ಹಾಗಾದರೆ ಮಗಳನ್ನ ಮಾರೋ ಅಂಗಡಿ ಅಂತ ಆಗೋಯ್ತಲ್ಲ! ಬೇಡಿ ಮೇಷ್ಟ್ರೆ, ಇರೋ ಬೋರ್ಡಿಗೇ ಬಣ್ಣ ಹೊಡೆಸ್ತೀನಿ” ಎಂದರು. ಹಾಗೆ ಮಾತು ಬೆಳೆದು ರೈಲಿನ ವಿಷಯ ಬಂದಿತು. ನಾವು ನಗುತ್ತ ಕೇಳಿದೆವು. ಅವರು ನಗಲಿಲ್ಲ.

“ನೀವು ಹಿಂದಿನ ದಿನ ಬಾಗಿಲಲ್ಲಿ ನಿಂತು ನೋಡಿದ್ದನ್ನ ಕಂಡಿದ್ದೆ. ಮಾರನೆ ದಿನ ನಿಮ್ಮ ತಂದೆಯವರು ಬರೋದು ದೂರದಿಂದ ಕಾಣಿಸ್ತು; ಗಲ್ಲದ ಕೆಳಗೆ ಸರಿಸಿಬಿಟ್ಟೆ. ಅದಕ್ಕೆ ಹದಿನೆಂಟು ರೂಪಾಯಿ. ಅವರ ಸಂಬಳ ಎಷ್ಟು ಅಂತ ಊರಿಗೆಲ್ಲ ಗೊತ್ತಿತ್ತು.”

“ತಂದೆಯವರು ನಿಮಗೆ ಹೇಳಿಟ್ಟಿದ್ದರೆ?”

“ಛೆ, ಅವರಿಗೆ ಏನೂ ಗೊತ್ತಿಲ್ಲ. ಮಗ ಕೇಳೋದು, ಅಪ್ಪ ಇಲ್ಲ ಅನ್ನೋದು, ಹೊರಗೆ ಎಲ್ಲಿ ಬೇಕಾದರೂ ಆಗಲಿ. ನನ್ನ ಅಂಗಡಿಯೊಳಗೆ ಆಗಬಾರದು.”

ಕೆಳಗಿನ ಹಲಗೆಯ ಎತ್ತರವನ್ನು ಅವರು ಮನೆಯ ಮಕ್ಕಳನ್ನು ನಿಲ್ಲಿಸಿ ಅಳೆದು ಹೊಡೆಸಿದ್ದರಂತೆ. ನಾವು ಅಲ್ಲಿಯವರೆಗೆ ಅದನ್ನು ಬಡಗಿಯ ಕೆಲಸವೆಂದು ತಿಳಿದಿದ್ದೆವು.

ಆ ಸಂಜೆ ಮನೆಗೆ ಬರುತ್ತ ನಮಗೆ ಶೂದ್ರಕನ ಮೃಚ್ಛಕಟಿಕದ ನೆನಪಾಯಿತು. ನಾಟಕಕ್ಕೆ ಒಂದು ಆಟಿಕೆಯ ಹೆಸರಿಟ್ಟ ಕವಿ ಅವನು. ಬಡವನಾದ ಚಾರುದತ್ತನ ಮಗ ರೋಹಸೇನನು ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡುತ್ತಿದ್ದನು. ಆ ಹುಡುಗನು ಅದನ್ನು ತೆಗೆದುಕೊಂಡು ಹೋದನು. ದಾಸಿಯು ಮಣ್ಣಿನ ಬಂಡಿಯನ್ನು ಮಾಡಿಕೊಟ್ಟರೆ ರೋಹಸೇನನು ಅದು ಬೇಡ, ಚಿನ್ನದ್ದೇ ಬೇಕೆಂದು ಅಳುತ್ತಾನೆ. ವಸಂತಸೇನೆಯು ತನ್ನ ಒಡವೆಗಳನ್ನೆಲ್ಲ ಬಿಚ್ಚಿ ಮಣ್ಣಿನ ಬಂಡಿಯಲ್ಲಿ ತುಂಬುತ್ತಾಳೆ. ಆ ಒಡವೆಗಳೇ ಮುಂದೆ ಚಾರುದತ್ತನ ಪ್ರಾಣಕ್ಕೆ ಬರುತ್ತವೆ. ನಾವು ಈ ಅಂಕವನ್ನು ಎಷ್ಟೋ ಸಲ ಪಾಠಹೇಳಿ, ಆ ಹೆಂಗಸಿನ ಔದಾರ್ಯವನ್ನು ಕೊಂಡಾಡಿದ್ದೇವೆ. ಶೆಟ್ಟರ ಮಾತನ್ನು ಕೇಳಿದ ಮೇಲೆ ಮಾತ್ರ, ಚಿನ್ನದ ಬಂಡಿಯನ್ನು ಆ ಹುಡುಗನ ಕಣ್ಣಿಗೆ ಬೀಳದಂತೆ ಯಾರಾದರೂ ಎತ್ತಿಟ್ಟಿದ್ದರೆ ಎಂದು ತೋರಿತು. ಆಗ ನಾಟಕ ನಡೆಯುತ್ತಿರಲಿಲ್ಲ, ನಿಜ.

ಈಗ ನಮ್ಮ ತಪ್ಪನ್ನು ಹೇಳಬೇಕು. ಹೋದ ವರ್ಷ ಆ ಮುಚ್ಚಿದ ಬಾಗಿಲನ್ನು ನೋಡಿ ಬಂದ ರಾತ್ರಿ ನಾವು ಮನೆಯ ಲೆಕ್ಕದ ಪುಸ್ತಕಗಳನ್ನು ತೆಗೆದೆವು. ೧೯೯೨ರಲ್ಲಿ ಗೃಹಸ್ಥರಾದಂದಿನಿಂದ ಪ್ರತಿ ವರ್ಷಕ್ಕೆ ಒಂದೊಂದು ಪುಸ್ತಕವಿದೆ. ಮನೆಯವರು ಇದನ್ನು ಪರಿಹಾಸಮಾಡುವುದುಂಟು. ಆಶ್ವಯುಜ ಮಾಸದ ಪುಟಗಳನ್ನು ತಿರುವುತ್ತ ಹೋದರೆ ಮೊದಮೊದಲು ‘ಬೊಂಬೆ, ಶೆಟ್ಟರಲ್ಲಿ’ ಎಂದು ಸಾಲುಸಾಲಾಗಿದೆ. ಮಗನು ಬೆಂಗಳೂರಿನಲ್ಲಿ ಓದಲು ಹೋದ ಮೇಲೆ ‘ಬೊಂಬೆ, ಬೆಂಗಳೂರು’ ಎಂದಿದೆ. ೨೦೧೬ರಿಂದೀಚೆಗೆ ‘ಬೊಂಬೆ, ಪಾರ್ಸೆಲ್’. ಶೆಟ್ಟರ ಅಂಗಡಿಯಲ್ಲಿ ನಾವು ಕಡೆಯ ಸಲ ಹಣ ಕೊಟ್ಟದ್ದು ೨೦೧೨ರಲ್ಲಿ, ಒಂದು ಜೊತೆ ಗಿಣಿಗೆ. ಆಮೇಲೆ ಅಂಗಡಿ ಒಂಬತ್ತು ದಸರೆಗಳನ್ನು ಕಂಡಿತು. ಒಂಬತ್ತರಲ್ಲಿಯೂ ನಾವು ಹೋಗಿದ್ದೆವು; ಸ್ಟೂಲಿನ ಮೇಲೆ ಕುಳಿತು ಶೆಟ್ಟರು ತರಿಸಿದ ಕಾಫಿಯನ್ನು ಕುಡಿದು, ಬೊಂಬೆಗಳನ್ನು ಕೈಗೆತ್ತಿಕೊಂಡು ಮೆಚ್ಚಿ, ಹಿಂದಿನ ಕಾಲವನ್ನು ಹೊಗಳಿ ಮನೆಗೆ ಬಂದಿದ್ದೆವು. ಮಕ್ಕಳ ಮನಸ್ಸನ್ನು ಬಲ್ಲ ವರ್ತಕರೆಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಅವರಿಗೆ ಒಂದು ಶಾಲನ್ನೂ ಹೊದಿಸಿದ್ದೆವು. ಒಂದು ಬುಗುರಿಯನ್ನು ಕೊಂಡಿರಲಿಲ್ಲ.

ಮುಚ್ಚುವುದಕ್ಕೆ ಬೇರೆ ಕಾರಣಗಳೂ ಇದ್ದವು. ೨೦೨೦ರ ಮಾರ್ಚಿಯಿಂದ ಸೋಂಕಿನ ದಿಗ್ಬಂಧನ. ಆ ವರ್ಷದ ಯುಗಾದಿಯಾಗಲಿ ಜಾತ್ರೆಯಾಗಲಿ ನಡೆದಂತಾಗಲಿಲ್ಲ. ೨೦೨೧ರ ಜನವರಿ ೧ರಿಂದ ಆಟದ ಸಾಮಾನುಗಳಿಗೆ ಭಾರತೀಯ ಮಾನಕದ ಮುದ್ರೆ ಇರಬೇಕೆಂಬ ಆಜ್ಞೆ ಜಾರಿಗೆ ಬಂದಿತು. ಕೂಸುಗಳು ಬಾಯಿಗಿಡುವ ವಸ್ತುವಿನಲ್ಲಿ ಸೀಸದ ಬಣ್ಣ ಇರಬಾರದೆಂಬುದು ಸರಿಯಾದ ಮಾತೇ. ಆ ಆಜ್ಞೆಯನ್ನು ನಾವು ಆಕ್ಷೇಪಿಸುವುದಿಲ್ಲ. ದಾಖಲಾದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಬೊಂಬೆಗಳಿಗೆ ವಿನಾಯಿತಿಯೂ ದೊರೆಯಿತು. ಆದರೆ ಮುದ್ರೆಯಿಲ್ಲದ ಪ್ಲಾಸ್ಟಿಕ್ಕಿನ ಹಳೆಯ ದಾಸ್ತಾನು ಶೆಟ್ಟರ ಅಟ್ಟದಲ್ಲಿ ಉಳಿಯಿತು. ಅವರಿಗೆ ಆಗ ಎಂಬತ್ತರ ಹತ್ತಿರ, ಮಕ್ಕಳು ಬೆಂಗಳೂರಿನಲ್ಲಿ. ೨೦೨೧ರ ವಿಜಯದಶಮಿಯ ಸಂಜೆ ನಾವು ಹೋದಾಗ ಅವರೇ ಬೊಂಬೆಗಳನ್ನು ಹುಲ್ಲಿನಲ್ಲಿ ಸುತ್ತುತ್ತಿದ್ದರು. “ಜನ ಬರುವುದು ಕಡಿಮೆಯಾಯಿತೆ ಶೆಟ್ಟರೆ?” ಎಂದು ಕೇಳಿದೆವು. “ನೋಡೋಕೆ ಬರೋರು ಏನೂ ಕಡಿಮೆ ಆಗಲಿಲ್ಲ ಮೇಷ್ಟ್ರೆ” ಎಂದರು. ಅದನ್ನು ಕೇಳಿ ನಾವು ನಕ್ಕಿದ್ದೆವು. ಅದರ ಅರ್ಥ ಲೆಕ್ಕದ ಪುಸ್ತಕವನ್ನು ಮುಚ್ಚಿದಾಗ ಆಯಿತು.

ಮನೆಯ ಬಾಗಿಲಿಗೆ ಬೊಂಬೆ ಬರುವುದನ್ನು ನಾವು ನಿಂದಿಸುವವರಲ್ಲ. ಬೆಂಗಳೂರಿನ ದೊಡ್ಡ ಅಂಗಡಿಗಿಂತ ಅಗ್ಗವಾಗಿ, ಕಾಲಿಗೆ ಶ್ರಮವಿಲ್ಲದೆ ಬರುತ್ತದೆ. ಆದರೆ ಫೋನಿನ ಅಂಗಡಿಯಲ್ಲಿ ಕೆಳಗಣ ಹಲಗೆಯಿಲ್ಲ. ಐವತ್ತು ರೂಪಾಯಿನ ಗಿಲಕಿಯೂ ಐದು ಸಾವಿರದ ಮೋಟಾರೂ ಮಗುವಿನ ಕಣ್ಣಿಗೆ ಒಂದೇ ಎತ್ತರದಲ್ಲಿ ನಿಲ್ಲುತ್ತವೆ. ಬೆರಳಾಡಿಸಿದಷ್ಟೂ ಇನ್ನೊಂದು ಬರುತ್ತದೆ. “ಇಲ್ಲ” ಎನ್ನಬೇಕಾದವನು ತಂದೆಯೊಬ್ಬನೆ. ನಮ್ಮ ಬೀದಿಯಲ್ಲಿ ಇಟ್ಟಿಗೆಯ ಗೂಡಿನ ಲಾರಿಯನ್ನು ಓಡಿಸುವಾತನೊಬ್ಬನಿದ್ದಾನೆ. ಅವನ ಮಗ ಫೋನನ್ನು ತಂದು ತಂದೆಗೆ ತೋರಿಸುವುದನ್ನೂ, ತಂದೆ ಅತ್ತ ತಿರುಗಿಕೊಂಡು ಬೀಡಿ ಹಚ್ಚುವುದನ್ನೂ ನಾವು ಜಗಲಿಯಿಂದ ಕಂಡಿದ್ದೇವೆ.

ಇದು ನಮ್ಮ ಊರಿನ ಪಾಡು ಮಾತ್ರವಲ್ಲ. ಅಮೆರಿಕಾದ ನ್ಯೂ ಜೆರ್ಸಿಯಲ್ಲಿರುವ ನಮ್ಮ ಶಿಷ್ಯನೊಬ್ಬನು ಆಗಾಗ ಕಾಗದ ಬರೆಯುವನು. ಅಲ್ಲಿ ಆಟದ ಸಾಮಾನಿನ ಸುಗ್ಗಿ ಕ್ರಿಸ್ಮಸ್ಸಿಗೆ. ಅವನು ಹೋದ ಹೊಸದರಲ್ಲಿ ಡಿಸೆಂಬರ್ ತಿಂಗಳು ಮಗನನ್ನು ಕರೆದುಕೊಂಡು ಹೋಗುತ್ತಿದ್ದ ‘ಟಾಯ್ಸ್ ಆರ್ ಅಸ್’ ಎಂಬ ಅಂಗಡಿ ನಮ್ಮ ಸಂತೆಮಾಳದಷ್ಟು ದೊಡ್ಡದಂತೆ. ಚಾರ್ಲ್ಸ್ ಲಾಜರಸ್ ಎಂಬಾತನು ೧೯೪೮ರಲ್ಲಿ ವಾಷಿಂಗ್ಟನ್ನಿನಲ್ಲಿ ಕೂಸುಗಳ ತೊಟ್ಟಿಲು ಮಂಚಗಳನ್ನು ಮಾರಲು ತೊಡಗಿ, ಮುಂದೆ ಆಟಿಕೆಗೆ ತಿರುಗಿ ಬೆಳೆಸಿದ್ದು ಅದ. ಅದರ ಅಗ್ಗದ ಬೆಲೆಗೆ ಅಲ್ಲಿನ ಬೀದಿಬೀದಿಯ ಸಣ್ಣ ಬೊಂಬೆಯಂಗಡಿಗಳು ತಡೆಯಲಾರದೆ ಹೋದವು. ೨೦೦೫ರಲ್ಲಿ ಧನಿಕರು ಕೆಲವರು ಸಾಲ ಎತ್ತಿ ಅದನ್ನು ಕೊಂಡು, ಆ ಸಾಲವನ್ನು ಅಂಗಡಿಯ ತಲೆಗೇ ಕಟ್ಟಿದರು. ಬಡ್ಡಿ ಒಂದು ಕಡೆ, ಪಾರ್ಸೆಲ್ಲಿನ ವ್ಯಾಪಾರ ಇನ್ನೊಂದು ಕಡೆ. ೨೦೧೭ರಲ್ಲಿ ದಿವಾಳಿಯ ಅರ್ಜಿ, ೨೦೧೮ರ ಜೂನ್ ತಿಂಗಳಲ್ಲಿ ಆ ದೇಶದೊಳಗಿನ ಏಳುನೂರಕ್ಕೂ ಮೀರಿದ ಅಂಗಡಿಗಳಿಗೆ ಬೀಗ. ಲಾಜರಸನು ಅದೇ ಮಾರ್ಚಿಯಲ್ಲಿ ತೀರಿಕೊಂಡಿದ್ದನು. ಮತ್ಸ್ಯನ್ಯಾಯವೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಆ ವರ್ಷದ ಕ್ರಿಸ್ಮಸ್ಸಿನಲ್ಲಿ ಅತ್ತ ಹೋಗಿದ್ದಾಗ, ಕಿತ್ತುಹಾಕಿದ ಅಕ್ಷರಗಳ ಕಲೆ ಗೋಡೆಯ ಮೇಲೆ ಇನ್ನೂ ಓದಲು ಬರುತ್ತಿತ್ತೆಂದು ಶಿಷ್ಯನು ಬರೆದಿದ್ದನು. ಆದರೆ ೧೮೬೨ರಷ್ಟು ಹಿಂದಿನ ಷ್ವಾರ್ಟ್ಸ್ ಎಂಬವರ ಬೊಂಬೆಯಂಗಡಿ ನ್ಯೂ ಯಾರ್ಕಿನಲ್ಲಿ ೨೦೧೫ರಲ್ಲಿ ಮುಚ್ಚಿದ್ದು, ೨೦೧೮ರ ನವೆಂಬರಿನಲ್ಲಿ ಬೇರೊಂದು ಕಡೆ ಬಾಗಿಲು ತೆರೆಯಿತು. ಹಣವುಳ್ಳವರ ಊರಿನಲ್ಲಿ ಹಾಗೂ ಆಗುತ್ತದೆ.

ನವರಾತ್ರಿಯ ಬಿದಿಗೆಯ ದಿನ ನಾವು ಹೊಸ ಬೊಂಬೆಗಾಗಿ ಚನ್ನಪಟ್ಟಣಕ್ಕೆ ಹೊರಟೆವು. ಮಾಲೂರಿನಲ್ಲಿ ರೈಲು ಹತ್ತಿ ಬೆಂಗಳೂರಿನಲ್ಲಿ ಇಳಿದು ಮೈಸೂರಿನ ರೈಲು ಹಿಡಿಯುವ ಈ ಪ್ರಯಾಣವನ್ನು ಕಂಡು ಮನೆಯವರು, “ಒಂದು ಬೊಂಬೆಗೆ ಇಷ್ಟು ದೂರವೆ?” ಎಂದರು. ನಮಗೆ ಹಳೆಯ ದಸರೆಯ ಬಸ್ಸುಗಳ ನೆನಪಿತ್ತು. ಮೈಸೂರಿಗೆ ಜಂಬೂಸವಾರಿಗೆಂದು ಹೋಗುವವರು ಬೆಂಗಳೂರಿನಿಂದ ಅರುವತ್ತು ಕಿಲೋಮೀಟರಿನ ಚನ್ನಪಟ್ಟಣದಲ್ಲಿ ನಿಲ್ಲದೆ ಹೋದದ್ದುಂಟೆ? ರಸ್ತೆಯ ಎರಡು ಬದಿಗೂ ಹಳದಿ ಕೆಂಪಿನ ಕುದುರೆಗಳು ತೂಗುತ್ತಿದ್ದವು. ಮಕ್ಕಳು ಬಸ್ಸಿನ ಕಿಟಕಿಯಿಂದಲೇ ಕೂಗುತ್ತಿದ್ದರು.

ಈಗ ಆ ರಸ್ತೆಯಲ್ಲಿ ನಡೆಯುವುದು ಸುಲಭ. ೨೦೨೩ರ ಮಾರ್ಚಿ ೧೨ರಂದು ಬೆಂಗಳೂರು ಮೈಸೂರುಗಳ ನಡುವೆ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಅದು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಮೂರು ಗಂಟೆಯ ದಾರಿ ಒಂದೂವರೆ ಗಂಟೆಯಷ್ಟಾಯಿತೆಂದು ಸಂತೋಷಪಟ್ಟವರಲ್ಲಿ ನಮ್ಮ ಮಗನೂ ಒಬ್ಬ. ಉಳಿದ ಆ ಒಂದೂವರೆ ಗಂಟೆಯಲ್ಲಿ ಕಾಲುಗಂಟೆ ಈ ಬೊಂಬೆಗಳದಾಗಿತ್ತು. ಹಳೆಯ ರಸ್ತೆಯ ಅಂಚಿನಲ್ಲಿ ತೆರೆದ ಅಂಗಡಿಗಳೂ ಇದ್ದವು. ಆದರೆ ನವರಾತ್ರಿಯ ಹಗಲಿನಲ್ಲಿ ಬೀಗಬಿದ್ದ ಬಾಗಿಲುಗಳನ್ನು ನಾವು ಏಳೆಂಟು ಕಂಡೆವು. ಒಂದರ ಮೇಲೆ ಬಣ್ಣದ ಕುದುರೆಯ ಚಿತ್ರವಿದ್ದು ಅದರ ಕೆಳಗೆ ‘ಬಾಡಿಗೆಗೆ ಇದೆ’ ಎಂದು ಬರೆದಿತ್ತು.

ಬೀದಿಯ ಒಳಗೆ ಕೆಲಸ ನಡೆಯುತ್ತಿದೆ, ನಿಂತಿಲ್ಲ. ಒಬ್ಬ ಮುದುಕರು ನಮ್ಮನ್ನು ಕೂರಿಸಿ ತೋರಿಸಿದರು. ಆಲೆಮರವೆಂದೂ ಹಾಲೆಮರವೆಂದೂ ಕರೆಯುವ ಮರ, ದಂತದಂತೆ ಬಿಳುಪು, ನುಣುಪು. ಕಾಳಿದಾಸನ ಯಕ್ಷನು ಮೇಘಕ್ಕೆ ಅರ್ಪಿಸಿದ ಕುಟಜದ ಬಳಗದ್ದೇ ಈ ಮರವೆಂದು ನಾವು ಹೇಳಿದ್ದಕ್ಕೆ ಅವರು ತಲೆದೂಗಿ ಕೆಲಸವನ್ನು ಮುಂದುವರಿಸಿದರು. ಚೆನ್ನಾಗಿ ಒಣಗಿಸಿದ ತುಂಡನ್ನು ಚರಕಿಗೆ ಸಿಕ್ಕಿಸಿ ತಿರುಗಿಸುತ್ತ ಉಳಿಯಿಂದ ಕಡೆಯುವರು. ತಿರುಗುತ್ತಿರುವಾಗಲೇ ಬಣ್ಣಬೆರೆತ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುವರು. ತಿಕ್ಕಾಟದ ಕಾವಿಗೆ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಬಳಿಕ ಕೇದಗೆಯ ಒಣಗರಿಯಿಂದ ಉಜ್ಜಿದರೆ ಕನ್ನಡಿಯ ಹೊಳಪು. ಕುಂಚವಿಲ್ಲ, ಒಣಗಿಸುವ ಕಾಯುವಿಕೆಯಿಲ್ಲ. ಒಂದು ಬುಗುರಿ ನಮ್ಮ ಕಣ್ಣಮುಂದೆಯೇ ಹುಟ್ಟಿ ಮೂರು ಪಟ್ಟಿ ಉಟ್ಟುಕೊಂಡಿತು. ಟೀಪುವಿನ ಕಾಲದಲ್ಲಿ ಪಾರಸಿಕ ದೇಶದಿಂದ ಬಂದವರು ಈ ವಿದ್ಯೆಯನ್ನು ಕಲಿಸಿದರೆಂದು ಅಲ್ಲಿ ಹೇಳುವರು. ಹೊಸಕಾಲದ ಯಂತ್ರದ ಚರಕಿಗೆ ಬಾವಾಸ್ ಮಿಯಾ ಎಂಬವರ ಹೆಸರನ್ನು ಗೌರವದಿಂದ ನೆನೆಯುವರು. “ಪರದೇಶಕ್ಕೆ ಹೋಗುತ್ತೆ, ಕಂಪೆನಿಗಳವರು ತಗೋತಾರೆ. ಕೆಲಸ ಇದೆ ಸ್ವಾಮಿ. ಮಕ್ಕಳು ಬಂದು ಇದು ಬೇಕು ಅಂತ ಹಟ ಮಾಡೋದನ್ನ ನೋಡಿ ಎರಡು ವರ್ಷ ಆಯ್ತು” ಎಂದು ಮುದುಕರು ಹೇಳಿದರು.

ಅವರ ಹಿಂದಿನ ಹಲಗೆಯಲ್ಲಿ ಒಂದು ರೈಲಿತ್ತು. ಹಸಿರು ಇಂಜಿನು, ಮೂರು ಡಬ್ಬಿ, ಎಲ್ಲವೂ ಮರ. ಕೀಲಿಯಿಲ್ಲ, ಹುರಿಕಟ್ಟಿ ಎಳೆಯಬೇಕು. ಅರುವತ್ತರ ಗಡಿಯಲ್ಲಿ ನಿಂತ ನಾವು ಅದರ ಬೆಲೆಯನ್ನು ಕೇಳುವಾಗ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡಿದೆವು. ಕೇಳಿದಷ್ಟನ್ನೇ ಕೊಟ್ಟೆವು, ಚೌಕಾಸಿ ಮಾಡಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಆ ಸಾಲು ‘ಬೊಂಬೆ, ಚನ್ನಪಟ್ಟಣ, ಕೈಯಾರೆ’ ಎಂದಿದೆ.

ಸರಸ್ವತೀಪೂಜೆಯ ಸಂಜೆ ಶೆಟ್ಟರನ್ನು ಬೊಂಬೆ ನೋಡಲು ಕರೆದೆವು. ಎಂಬತ್ತನ್ನು ದಾಟಿದ್ದಾರೆ, ಕೋಲೂರಿಕೊಂಡು ಬಂದರು. ಮೆಟ್ಟಿಲಿನ ಮುಂದೆ ಕುರ್ಚಿಯನ್ನು ಹಾಕಿಸಿ ಕುಳ್ಳಿರಿಸಿದರೆ ಅವರು ದೇವರುಗಳನ್ನು ನೋಡಲಿಲ್ಲ, ಒಂದೊಂದು ಬೊಂಬೆಯ ಮೇಲೂ ಬೆರಳಿಟ್ಟು, “ಇದು ನಮ್ಮದು. ಇದು ನಮ್ಮದಲ್ಲ” ಎನ್ನುತ್ತ ಹೋದರು. ಒಂದರಲ್ಲಿಯೂ ತಪ್ಪಲಿಲ್ಲ. ಮೊಮ್ಮಗಳು ಶೆಟ್ಟಮ್ಮನ ಅಂಗಡಿಯ ಹಿಂದೆ ಕುಳಿತು ಅಕ್ಕಿ ಬೇಳೆ ಮಾರುತ್ತಿದ್ದಳು. ಬೆಲ್ಲದ ಚೂರುಗಳನ್ನು ಅವಳು ಹಿಂದಕ್ಕಿಟ್ಟಿದ್ದಳು. “ಇದನ್ನ ಮುಂದಿಡಮ್ಮ, ಇಲ್ಲಿ ಕೆಳಗೆ. ಚಿಕ್ಕೋರು ಬಂದು ನೋಡೋದು ಇಲ್ಲಿ” ಎಂದು ಶೆಟ್ಟರು ಬಗ್ಗಿ ತಾವೇ ಸರಿಸಿದರು. ರೈಲನ್ನು ಕಂಡರು, ನಮ್ಮ ಮುಖವನ್ನು ಕಂಡರು. ಏನೂ ಹೇಳಲಿಲ್ಲ.

ಅಷ್ಟರಲ್ಲಿ ಬೀದಿಯ ಹುಡುಗರು, “ಬೊಂಬೆ ಕೂರಿಸಿದ್ದೀರಾ?” ಎಂದು ಕೂಗುತ್ತ ಚರುಪಿಗೆ ನುಗ್ಗಿದರು, ಲಾರಿಯಾತನ ಮಗನೂ ತಂದೆಯ ಕೈಯನ್ನು ಎಳೆದುಕೊಂಡು ಬಂದನು. ಬಾಗಿಲಲ್ಲಿ ತಂದೆಮಗ ಕಾಣಿಸಿದ ಕೂಡಲೆ ಶೆಟ್ಟರ ಕೈ ತಾನಾಗಿ ಚಾಚಿ, ಹೆಗಲಿನ ವಸ್ತ್ರವನ್ನು ತೆಗೆದು ರೈಲಿನ ಮೇಲೆ ಹಾಕಿತು. ಹುಡುಗನು ಬೊಂಬೆಗಳನ್ನೆಲ್ಲ ನೋಡಿ ಮುಗಿಸಿ ಅಲ್ಲಿಗೇ ಬಂದು ನಿಂತನು.

“ತಾತ, ಅದರ ಕೆಳಗೆ ಏನಿದೆ?”

“ರಿಪೇರಿಗೆ ಬಂದದ್ದು, ಮಗು” ಎಂದರು ಶೆಟ್ಟರು.

ನಮ್ಮ ಮನೆಯವರು ಒಳಗಿನಿಂದ ಕಡಲೆಯ ಉಸಲಿಯ ಪಾತ್ರೆಯನ್ನು ತಂದರು. ಹುಡುಗನು ಎರಡು ಕೈಯನ್ನೂ ಒಡ್ಡಿದನು.